ಅವ್ವನ ಹೆಬ್ಬೆಟ್ಟು, ಬೆನಕನ ಮೌಸ್

ನಮ್ಮ ಚಿಕ್ಕಪ್ಪ ನಾಗೇಂದ್ರಪ್ಪ ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಅಂಥವನು ೧೯೮೭ರಲ್ಲಿ ಒಂದು ದಿನ ತಾನೇ ಬಸ್ ಚಾರ್ಜು ಕೊಡುತ್ತೇನೆಂದು ಬಂದ. "ಅತ್ಗೆಮ್ಮ, ನಮ್ಮ ಬೆನಕ ಮೇಷ್ಟ್ರಾಗಿರೋ ಚನ್ನಗಿರಿ ಸ್ಕೂಲಿಗೆ ಕಂಪ್ಯೂಟರ್ ಬಂದೈತೆ, ನೋಡಾಕೆ ಬರ್ರಿ" ಎಂದು ಅವ್ವನನ್ನು ಕರೆದ. ಅತಿ ವಿನಯ ಧೂರ್ತ ಲಕ್ಷಣ. ಅಪ್ಪ ಸತ್ತ ಮೇಲೆ ಸೂಳೆಕೆರೆ ನಾಲೆಯ ಗದ್ದೆ ಅವ್ವನ ಹೆಸರಿಗೆ ಬಂದಿತ್ತು, ಚಿಕ್ಕಪ್ಪನ ಕಣ್ಣು ಅದರ ಮೇಲೆಯೇ. ಅವ್ವನಿಗೆ ಓದು ಬರಹ ಬಾರದು. ಹೆಬ್ಬೆಟ್ಟೇ ಅವಳ ರುಜು. ನಾನೂ ಹಿಂದೆಯೇ ಬಸ್ ಹತ್ತಿದೆ.

ಚಿಕ್ಕಪ್ಪನ ಮಗ ಬೆನಕ ಟೀವಿಯಂಥ ಪೆಟ್ಟಿಗೆ ಹಚ್ಚಿ, ಸೋಪಿನಷ್ಟು ದಪ್ಪದ, ವೈರಿನ ಬಾಲವಿದ್ದ ಒಂದು ವಸ್ತುವನ್ನು ಅವ್ವನ ಮುಂದಿಟ್ಟ.

"ಇದಕ್ಕೆ ಮೌಸ್ ಅಂತಾರೆ ದೊಡ್ಡವ್ವ. ಹಿಡ್ಕಂಡು ಆಡಿಸ್ರಿ, ಕೈ ಹೋದಂಗೆ ಚುಕ್ಕಿ ಬೀಳ್ತಾವೆ. ಪ್ರೋಗ್ರಾಮು ನಾನೇ ಬರ್ದಿದ್ದು."

ಅವ್ವ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. "ನನ್ನ ಗುರ್ತು ಇದ್ರಾಗೆ ಇಳಿತೈತೇನೋ?"

"ಇಳಿದ್ರೆ ಗದ್ದೆ ಹೋದಂಗೆ!" ಎಂದು ನಾನು ಕೂಗಿಯೇ ಬಿಟ್ಟೆ.

ಬೆನಕನ ಮುಖ ಕೆಂಪಾಯಿತು. ತಾನೇ ಮೌಸ್ ಎಳೆದು ಚುಕ್ಕಿ ಬೀಳಿಸಿ, ಒಂದು ಗುಂಡಿ ಒತ್ತಿದ. ಎಲ್ಲ ಮಾಯ. "ನೋಡ್ರಿ, ಏನೂ ಉಳಿಯಲ್ಲ."

ಅವ್ವ ಹೆದರುತ್ತಲೇ ಹಿಡಿದಳು. ಅವಳ ಕೈಗೆ ಗೊತ್ತಿದ್ದದ್ದು ಬೀಸುವ ಕಲ್ಲು. ಹಾಗೆಯೇ ತಿರುಗಿಸಿದಳು. ಕೈ ಮೆಲ್ಲಗೆ ಹೋದಲ್ಲಿ ಚುಕ್ಕಿಗಳು ಒತ್ತಾಗಿ, ಜೋರಾಗಿ ಹೋದಲ್ಲಿ ದೂರ ದೂರ ಬಿದ್ದವು. ಪರದೆ ತುಂಬ ಸುತ್ತಿನ ಮೇಲೆ ಸುತ್ತು.

"ಅಯ್ಯೋ ಶಿವನೇ, ನಾನು ಬೀಸಿದ್ದು ಕಾಣ್ತೈತಲ್ಲೇ!"

ಅಪ್ಪ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಕಣ್ಣು ತುಂಬಿತು. ಆದರೆ ಚಿಕ್ಕಪ್ಪನೂ ನಗುತ್ತಿದ್ದ, ಅದು ನನಗೆ ಸರಿಬರಲಿಲ್ಲ.

ಅವಳ ನಗು ನಿಲ್ಲುವ ಮೊದಲೇ ಅವನು ಜೇಬಿನಿಂದ ಮಸಿಯ ಪ್ಯಾಡನ್ನೂ ಮಡಿಚಿದ ಕಾಗದವನ್ನೂ ತೆಗೆದು ಮೇಜಿನ ಮೇಲಿಟ್ಟ. "ನೋಡಾಕೆ ಬಂದೋರ ಗುರ್ತು ಸ್ಕೂಲಿನೋರಿಗೆ ಬೇಕಂತೆ. ಇಲ್ಲೊಂದು ಒತ್ರಿ ಅತ್ಗೆಮ್ಮ."

ನಾನು ಕಾಗದಕ್ಕೆ ಕೈ ಹಾಕಿದರೆ ಚಿಕ್ಕಪ್ಪ ಅದರ ಮೇಲೆ ಅಂಗೈ ಊರಿದ. ಅವ್ವ ನನ್ನನ್ನು ತಡೆದು, ಬೆನಕನ ಕಡೆ ತಿರುಗಿದಳು.

"ಇದೂ ಗುಂಡಿ ಒತ್ತಿದ್ರೆ ಅಳಿಸಿ ಹೋಗ್ತೈತೇನಪ್ಪ?"

ಬೆನಕ ತನ್ನಪ್ಪನ ಕೈಯಡಿಯಿಂದ ಕಾಗದ ಎಳೆದು ಓದಿದ. ಒಮ್ಮೆ ಅವನ ಮುಖ ನೋಡಿದ.

"ಇಲ್ಲ ದೊಡ್ಡವ್ವ" ಎಂದ. "ಇದು ಗದ್ದೆ ಪತ್ರ. ಇದು ಅಳಿಯಲ್ಲ."

"ಥೂ ಮುಂಡೇದೇ, ನನ್ನ ಮಗನಾಗಿ..." ಚಿಕ್ಕಪ್ಪ ಹಲ್ಲು ಕಡಿದ.

ಅವ್ವ ಪ್ಯಾಡಿನ ಮುಚ್ಚಳ ಹಾಕಿ ಅವನ ಕಡೆಗೆ ತಳ್ಳಿದಳು. ಬೆನಕನ ಮೌಸಿನತ್ತ ಕೈ ಚಾಚಿದಳು.

"ನಿಮ್ಮಪ್ಪಂದು ಬ್ಯಾಡ. ನಿಂದೇ ಕೊಡು ಮಗಾ, ಇನ್ನೊಂದು ಸುತ್ತು ಬೀಸ್ತೀನಿ."