ಬೈಸಿಕೊಳ್ಳುವ ಕೆಲಸ

ವರ್ನನ್ ಶೂಮೇಟನಿಗೆ ಕಾರ್ ರೇಸ್ ತಂಡವನ್ನು ನಡೆಸುವ ಕ್ರ್ಯೂ ಚೀಫ್ ಪದವಿ ಪುಕ್ಕಟೆಯಾಗಿ ಬಂದದ್ದಲ್ಲ. ವಿಲ್ಕ್ಸ್ ಕೌಂಟಿಯ ಗ್ಯಾರೇಜೊಂದರಲ್ಲಿ ನೆಲ ಗುಡಿಸಿ, ಆಮೇಲೆ ರೇಸ್ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಪಿಟ್ಟಿನಲ್ಲಿ ಮಂಡಿಯೂರಿ ಟೈರು ಬಿಚ್ಚಿ, ಟೈರು ಹಾಕಿ, ಮಂಡಿಚಿಪ್ಪು ಸವೆದ ಮೇಲಷ್ಟೇ ಪಿಟ್ ಗೋಡೆಯ ಪಕ್ಕದ ಆ ಎತ್ತರದ ಕುರ್ಚಿ ಸಿಕ್ಕಿತು. ಸಿಕ್ಕ ಮೇಲೆ ತಿಳಿಯಿತು, ಅದು ಬೈಸಿಕೊಳ್ಳುವ ಕೆಲಸ ಎಂದು. ಕಾರು ಗೆದ್ದರೆ ಡ್ರೈವರ್ ಗೆದ್ದ. ಸೋತರೆ ಕ್ರ್ಯೂ ಚೀಫ್ ಕೆಡಿಸಿದ. ಆದರೂ ಭಾನುವಾರ ಮಧ್ಯಾಹ್ನ ಆ ಕುರ್ಚಿಯಲ್ಲಿ ಕೂತು, ಬೇಯಿಸಿದ ಕಡಲೆಕಾಯಿ ಮೆಲ್ಲುತ್ತ, ನಲವತ್ತು ಕಾರುಗಳು ಒಟ್ಟಿಗೆ ಗುಡುಗುವುದನ್ನು ಎದೆಯೊಳಗೆ ಕೇಳಿಸಿಕೊಳ್ಳುವಾಗ ಅವನಿಗೆ ಇದಕ್ಕಿಂತ ಒಳ್ಳೆಯ ಬದುಕು ಬೇರೆ ಇದೆ ಅನ್ನಿಸುತ್ತಿರಲಿಲ್ಲ.

ಆ ಬದುಕಿಗೇ ಈಗ ಸಂಚಕಾರ ಬಂದಿತ್ತು. ಹೋದ ತಿಂಗಳು ಅವನ ಡ್ರೈವರ್ ರಾಯ್ಸ್ ಟ್ರಿಪ್ಲೆಟ್ ಮುಂದಿದ್ದಾಗ ಹಳದಿ ಬಾವುಟ ಬಿತ್ತು. ಎಲ್ಲರೂ ನಿಧಾನಿಸುವ ಹೊತ್ತು. ಬೇಕಾದವರು ಪಿಟ್ಟಿನೊಳಗೆ ಬಂದು ಟೈರು ಬದಲಿಸಿಕೊಳ್ಳಬಹುದು. ವರ್ನನ್ ಕೂಡಲೇ ಒಳಗೆ ಕರೆದ. ಹಿಂದಿನವರೆಲ್ಲ ಹೊರಗೇ ಉಳಿದರು. ರಾಯ್ಸ್ ಸಾಲಿನ ಬಾಲಕ್ಕೆ ಹೋಗಿ ಬಿದ್ದ. ಮುಂದಿರುವವನ ಹಣೆಬರಹವೇ ಅಷ್ಟು: ಅವನು ಏನು ಮಾಡುತ್ತಾನೋ ಅದಕ್ಕೆ ಉಲ್ಟಾ ಮಾಡುವುದು ಉಳಿದವರ ಕಸುಬು. ಅದರ ಮೇಲೆ ರೇಡಿಯೋದಲ್ಲಿ ಇವರು ಆಡುವ ಮಾತೆಲ್ಲ ಎದುರಾಳಿಗಳ ಕಿವಿಗೂ ಬೀಳುತ್ತದೆ. ಸ್ಟ್ಯಾಂಡಿನಲ್ಲಿ ಕೂತ ಅಜ್ಜಿಯರೂ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ.

ಅಂದಿನಿಂದ ರಾಯ್ಸ್ ರೇಡಿಯೋದಲ್ಲಿ ಬಿಟ್ಟು ಬೇರೆಲ್ಲೂ ಅವನೊಡನೆ ಮಾತಾಡಿರಲಿಲ್ಲ. ವರ್ಜೀನಿಯಾದ ಅರ್ಧ ಮೈಲಿ ಟ್ರ್ಯಾಕಿನಲ್ಲಿ ಇವತ್ತು ಬೆಳಗಿನ ಪ್ರಾರ್ಥನೆ ಮುಗಿದು, ಪಾದ್ರಿ ಬೈಬಲ್ ಮುಚ್ಚುತ್ತಿದ್ದಂತೆ ಬಂದು ಅಂದ:

"ಇವತ್ತೊಂದು ರೇಸ್ ನೋಡ್ತೀನಿ. ಮುಗಿದ್ಮೇಲೆ ಮಿಸ್ ಜೂನ್‌ಗೆ ಹೇಳ್ಬಿಡ್ತೀನಿ, ನೀನಿರ್ಬೇಕಾ ಇನ್ನೊಬ್ಬನ್ನ ಹುಡುಕ್ಬೇಕಾ ಅಂತ."

"ಈಗ್ತಾನೆ ಆಮೆನ್ ಅಂದ್ಯಲ್ಲೋ," ಅಂದ ವರ್ನನ್. ರಾಯ್ಸ್ ನಗಲಿಲ್ಲ. ಮಿಸ್ ಜೂನ್ ತಂಡದ ಒಡತಿ. ಡ್ರೈವರ್ ಬೇಡ ಅಂದವನನ್ನು ಆಕೆ ಇಟ್ಟುಕೊಂಡ ಉದಾಹರಣೆ ಇರಲಿಲ್ಲ.

ರೇಸ್ ಮುಗಿಯಲು ಇನ್ನೇನು ಕೆಲವೇ ಸುತ್ತುಗಳಿದ್ದವು. ರಾಯ್ಸನೇ ಮುಂದಿದ್ದ. ಹಿಂದೆ ಯಾರೋ ಗೋಡೆಗೆ ಗುದ್ದಿದರು. ಮತ್ತೆ ಅದೇ ಹಳದಿ ಬಾವುಟ.

"ವರ್ನ್, ಒಳಗೆ ಬರ್ಲಾ, ಹೊರಗೇ ಇರ್ಲಾ?" ರೇಡಿಯೋದಲ್ಲಿ ರಾಯ್ಸ್ ಕೇಳಿದ.

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವುದು ವರ್ನನ್‌ನ ರೂಢಿ. ಇವತ್ತು ರೇಡಿಯೋ ಗುಂಡಿಯ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದ. ಹಳೇ ಟೈರು ಕೊನೆವರೆಗೆ ತಾಳುವುದು ಅನುಮಾನ. ಒಳಗೆ ಕರೆದರೆ ಹೋದ ತಿಂಗಳ ಕತೆಯೇ. ನಿಜ ಹೇಳುವುದೊಂದೇ ಉಳಿದಿತ್ತು.

"ಗೊತ್ತಿಲ್ಲ ಕಣೋ."

"ಏನಂದೆ?"

"ನಂಗೊತ್ತಿಲ್ಲ ಅಂದೆ. ಆ ಟೈರ್ ಮೇಲೆ ಕೂತಿರೋನು ನೀನು. ನೀನೇ ಹೇಳು."

ಹೆಡ್‌ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಪಕ್ಕದ ಪಿಟ್ಟಿನ ಕ್ರ್ಯೂ ಚೀಫ್ ಡ್ವೈಟ್ ಎಲ್ಲರ್ ಕುರ್ಚಿಯಿಂದ ಎದ್ದೇಬಿಟ್ಟ. "ಗೊತ್ತಿಲ್ಲ ಅಂದ್ರೆ ಏನ್ರೋ ಅರ್ಥ? ಯಾವ ಹೊಸ ಕೋಡ್ ಇದು? ಶೂಮೇಟ್ ಹುಟ್ಟಿದಾಗಿಂದ ಆ ಮಾತು ಆಡಿದೋನಲ್ಲ!"

ರಾಯ್ಸ್ ಕೊನೇ ಗಳಿಗೆಯಲ್ಲಿ ಸ್ಟಿಯರಿಂಗ್ ತಿರುಗಿಸಿದ. "ಬಂದೆ. ನಾಲ್ಕೂ ಟೈರ್ ಹಾಕಿ."

ಯಾವುದಕ್ಕೆ ಉಲ್ಟಾ ಮಾಡಬೇಕೆಂದು ತಿಳಿಯದ ಹಿಂದಿನವರ ಪಾಡು ನೋಡುವಂತಿತ್ತು. ಕೆಲವರು ಒಳಗೆ ನುಗ್ಗಿದರು, ಕೆಲವರು ಹೊರಗೆ ಉಳಿದರು, ಇಬ್ಬರು ಒಳಗೂ ಹೊರಗೂ ಅಲ್ಲದೆ ಒಬ್ಬರಿಗೊಬ್ಬರು ಉಜ್ಜಿಕೊಂಡರು. ವರ್ನನ್‌ನ ಹುಡುಗರು ಚಕಚಕನೆ ಕೆಲಸ ಮುಗಿಸಿದರು. ರಾಯ್ಸ್ ಆರನೆಯವನಾಗಿ ಹೊರಬಿದ್ದ. ಹಸಿರು ಬಾವುಟ ಬಿದ್ದಮೇಲೆ ಒಬ್ಬೊಬ್ಬರನ್ನೇ ಹಿಂದಿಕ್ಕಿ ಬಂದ. ಕೊನೇ ತಿರುವಿನಲ್ಲಿ ಅವನ ಕಾರಿನ ಮೂತಿ ಮುಂದಿನವನ ಬಾಗಿಲಿನವರೆಗೂ ಮುಟ್ಟಿತು, ಅಷ್ಟೇ. ಎರಡನೆಯ ಸ್ಥಾನ.

ವರ್ನನ್ ಹೆಡ್‌ಫೋನ್ ತೆಗೆದಿಟ್ಟು ಕೆಳಗಿಳಿದ. ರಾಯ್ಸ್, ಬಾಗಿಲು ತೆರೆಯದ ರೇಸ್ ಕಾರಿನ ಕಿಟಕಿಯಿಂದ ಹೊರಬಂದು ಪಿಟ್ ಗೋಡೆಯ ಮೇಲೆ ಕೂತು ತಲೆಗೆ ನೀರು ಸುರಿದುಕೊಳ್ಳುತ್ತಿದ್ದ.

"ಎರಡೇ ಟೈರ್ ಹಾಕ್ಸಿದ್ರೆ ಹೊತ್ತು ಉಳಿದು ಗೆದ್ದಿರ್ತಿದ್ವಿ," ಅಂದ ರಾಯ್ಸ್.

"ಗೆಲ್ತಿದ್ವೇನೋ."

"ನಾಲ್ಕು ಅಂದೋನು ನಾನೇ."

ವರ್ನನ್ ಕಡಲೆಕಾಯಿಯೊಂದನ್ನು ಬಾಯಿಗೆ ಹಾಕಿಕೊಂಡ. ಬೈಯುವ ಬಾಯಿ ಬಿಗಿಹಿಡಿಯುವುದು ಅವನಿಗೆ ಸುಲಭವಾಗಿರಲಿಲ್ಲ.

"ಒಳಗೆ ತಿರುಗ್ಸೋವಾಗ ಸರೀನಾ ತಪ್ಪಾ ಒಂದೂ ಗೊತ್ತಿರ್ಲಿಲ್ಲ, ವರ್ನ್. ನಿಂಗೆ ಪ್ರತಿ ಸಲ ಹೀಗೇ ಆಗುತ್ತಾ?"

"ಪ್ರತಿ ಸಲ."

"ಒಂದು ದಿನಾನೂ ಹೇಳ್ಲಿಲ್ಲವಲ್ಲೋ."

"ಹೇಳಿದ್ರೆ ನಾನು ಕರೆದಾಗ ನೀನು ಒಳಗೆ ಬರ್ತಿದ್ಯಾ?"

ಅಷ್ಟರಲ್ಲಿ ಮಿಸ್ ಜೂನ್, ಕೈಯಲ್ಲಿ ಸಿಹಿ ಟೀ ಹಿಡಿದು ಬಂದು ರಾಯ್ಸ್‌ನನ್ನು ಕೇಳಿದರು: "ಏನೋ ಹೇಳ್ಬೇಕು ಅಂದಿದ್ಯಲ್ಲಪ್ಪ?"

"ಹೌದು ಮೇಡಂ. ಈ ಮುದುಕನ್ನ ಎಲ್ಲಿಗೂ ಕಳಿಸ್ಬೇಡಿ. ಇವತ್ತು ಕೆಡಿಸಿದ್ದು ನಾನು. ಇವನಿಲ್ದೆ ಹೋದ್ರೆ ವಾರವಾರ ನನ್ನನ್ನ ನಾನೇ ಬೈಕೋಬೇಕು, ಅದು ನನ್ ಕೈಲಾಗಲ್ಲ."

ಮಿಸ್ ಜೂನ್ ಟೀ ಚೆಲ್ಲುವಷ್ಟು ನಕ್ಕರು. ವರ್ನನ್‌ಗೆ ಗೆದ್ದ ದಿನವೂ ಇಷ್ಟು ಖುಷಿಯಾಗಿರಲಿಲ್ಲ.

"ಮುಂದಿನ ವಾರಾನೂ ನಿನ್ನೇ ಕೇಳ್ತೀನಿ ನೋಡು," ಅಂದ.

"ಕೇಳು. ತಪ್ಪಾದ್ರೆ ಬೈಯಿ."

"ಅದನ್ನ ನೀನು ಹೇಳ್ಕೊಡ್ಬೇಕಾ?" ಎಂದ ವರ್ನನ್, ಗೋಡೆಯ ಮೇಲೆ ಅವನ ಪಕ್ಕದಲ್ಲೇ ಕೂತು, "ನಾಲ್ಕು ಟೈರಂತೆ ನಾಲ್ಕು, ದಡ್ಡ ನನ್ಮಗನೆ!" ಎಂದು ಶುರುಮಾಡಿದ.