ಮೊಣಕಾಲುದ್ದ ಮಣ್ಣಿನ ಬೆಲೆ

ಗುರಣ್ಣನ ತಲೆಯೊಳಗೆ ಸ್ಲ್ಯಾಬು ಹೊಕ್ಕಿತ್ತು. ಉಣ್ಣಲು ಕೂತರೂ ಅದೇ, ಮಲಗಿದರೂ ಅದೇ. ಬೇಸಿಗೆಯಲ್ಲಿ ತಗಡಿನ ಕೆಳಗೆ ಮೈ ಬೇಯುತ್ತದೆ, ಮಳೆಗಾಲದಲ್ಲಿ ಹಾಸಿಗೆಯ ಮೇಲೇ ಸೋರುತ್ತದೆ. ಘತ್ತರಗಿಯಲ್ಲಿ ಎಲ್ಲರ ಮನೆಗೂ ಸ್ಲ್ಯಾಬು ಬಿತ್ತು, ನನ್ನದೊಂದೇ ಉಳಿಯಿತು ಎಂಬ ಸಂಕಟ ಅವನಿಗೆ. ಅಷ್ಟರಲ್ಲಿ ಇಟ್ಟಂಗಿ ಭಟ್ಟಿಯವರು ಬಂದರು. "ಹೊಳಿ ದಂಡಿ ಹೊಲದ ಮಣ್ಣು ಮೊಣಕಾಲುದ್ದ ಕೊಡ್ರಿ ಸಾಕು. ಸ್ಲ್ಯಾಬಿಗೆ ಆಗೂವಷ್ಟು ರೊಕ್ಕ ಕೊಡ್ತೇವಿ, ಹೊಲ ನಿಮ್ಮದೇ ಇರ್ತದ," ಎಂದರು. ಮನೆಯಲ್ಲಿ ಒಂದು ಮಾತು ಕೇಳಬೇಕೋ ಬೇಡವೋ? ಪುಣ್ಯಾತ್ಮ ನಿಂತ ಕಾಲಲ್ಲೇ ಹೂಂ ಅಂದುಬಿಟ್ಟ. ಜೋಳ ಕೊಯ್ದ ಮೇಲೆ ಜೆಸಿಬಿ ಬರುವುದೆಂದು ಮಾತಾಯಿತು.

ಹೆಂಡತಿ ಶಿವಕಾಂತಾಗೆ ಈ ಸುದ್ದಿ ಗೊತ್ತಾದದ್ದು ಎಳ್ಳ ಅಮಾವಾಸ್ಯೆಯ ದಿನ, ಹೊಲದಲ್ಲಿ. ತೆನೆ ಹೊತ್ತ ಭೂಮಿ ಬಸುರಿ, ಮೊದಲ ತುತ್ತು ಅವಳಿಗೇ ಎಂದು ಅಂದು ಪೈರಿನ ತುಂಬ ಹಬ್ಬದಡುಗೆಯ ಚರಗ ಚೆಲ್ಲಬೇಕು. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ಬಂದಿದ್ದರು. ಊಟಕ್ಕೆಂದು ಶಿವಕಾಂತಾಳ ಮಹಿಳಾ ಸಂಘದ ಗೆಳತಿ ತಸ್ಲೀಮಳೂ ಬಂದಿದ್ದಳು. ರೈತರಿಗೆ ಬೇಸಾಯದ ಸಲಹೆ ಕೊಡುವ ಊರಿನ ಕೃಷಿ ಸಖಿ ಅವಳು. ಕಡುಬಿನ ವಾಸನೆಗೆ ಗುರಣ್ಣನ ಬಾಯಿ ಸಡಿಲಾಯಿತು.

"ಬರೂ ವರ್ಷ ನಾವು ಸ್ಲ್ಯಾಬಿನ ಮನಿಯಿಂದನೇ ಹೊಲಕ್ಕ ಬರೋರು!"

"ರೊಕ್ಕ ಎಲ್ಲಿಂದ ಬರ್ತಾವ್ರಿ?" ಎಂದಳು ಶಿವಕಾಂತಾ.

ಅವನು ಹೇಳಿದ. ಚರಗದ ಬುಟ್ಟಿ ಎತ್ತಿದ್ದವಳು ಅದನ್ನು ಹಾಗೇ ಕೆಳಗಿಟ್ಟಳು.

"ಇವತ್ತ ಆಕಿಗೆ ಉಣಸೋದು, ಸುಗ್ಗಿ ಆದಮ್ಯಾಲ ಆಕಿ ಮೈ ಸುಲಸೋದು? ನಿಮಗ ಮನಸ್ಸರೆ ಹ್ಯಾಂಗ ಬಂತ್ರಿ?"

"ಏ, ಮಣ್ಣೇನು ಖಾಲಿ ಆಗ್ತದೇನ ಬೇ? ಮ್ಯಾಲಿಂದು ಹೋದ್ರ ಕೆಳಗಿಂದು ಇರ್ತದ. ಹೊಲ ಎಲ್ಲಿಗೆ ಓಡಿ ಹೋಗ್ತದ?"

ತಸ್ಲೀಮ ನಕ್ಕಳು. "ಗುರಣ್ಣ ಕಾಕಾ, ಎಮ್ಮಿ ನಿಮ್ಮ ಕಡೇನೇ ಇರ್ಲಿ, ಕೆಚ್ಚಲ ಅಷ್ಟ ಕೊಯ್ದು ಕೊಡ್ರಿ ಅಂದ್ರ ಕೊಡ್ತೀರೇನು?"

ಗುರಣ್ಣನಿಗೂ ನಗು ಬಂತು. ಆದರೆ ಸೋಲಲು ಮನಸ್ಸಿಲ್ಲ. "ಎಮ್ಮಿ ಬ್ಯಾರೆ, ಮಣ್ಣ ಬ್ಯಾರೆ ತಂಗಿ," ಎಂದ.

ತಸ್ಲೀಮ ನೀರಿನ ತಂಬಿಗೆ ಹಿಡಿದು ಎದ್ದಳು. ಜೋಳದ ಸಾಲಿನಲ್ಲಿ ಸುರಿದ ನೀರನ್ನು ಮಣ್ಣು ಗಟಗಟ ಕುಡಿಯಿತು. ಬದು ದಾಟಿದರೆ ಜಗದೇವಪ್ಪನ ಹೊಲ. ಅಲ್ಲಿನ ಮಣ್ಣು ಹಿಂದೆಯೇ ಭಟ್ಟಿಗೆ ಹೋಗಿತ್ತು. ಅಲ್ಲಿ ಸುರಿದ ನೀರು ಇಂಗದೆ ನಿಂತೇ ಇತ್ತು.

"ಮಣ್ಣಿನ ಸತ್ವ ಎಲ್ಲಾ ಮ್ಯಾಲಿನ ಪದರಿನಾಗೇ ಇರ್ತದ ಕಾಕಾ. ಅದು ಹೋದ್ರ ಬೆಳಿ ಕಮ್ಮಿ, ಎಮ್ಮಿಗೆ ಕಣಕಿ ಕಮ್ಮಿ, ಗೊಬ್ಬರದ ಖರ್ಚು ಜಾಸ್ತಿ. ಭಟ್ಟಿಯವ್ರು ಒಂದೇ ಸಲ ಕೊಡ್ತಾರ, ಹೊಲ ವರ್ಷಾ ಕೊಡ್ತದ. ಈ ನುಕ್ಸಾನ ಎಲ್ಲಾ ಮಣ್ಣಿನ ರೇಟಿನಾಗ ಹಿಡದೀರೇನು? ನಿಮ್ಮ ಬದು ನೋಡ್ರಿ, ಹ್ಯಾಂಗ ಜರದಾದ. ಅವರ ಹೊಲ ತಗ್ಗಾತು, ನಿಮ್ಮ ಮಣ್ಣು ಆ ತಗ್ಗಿಗೆ ಜರೀತು. ಅವರ ಮಣ್ಣಿಗೆ ರೊಕ್ಕ ಬಂತು, ನಿಮ್ಮದು ಪುಕ್ಕಟೆ ಹೋತು. ನಾಳಿ ನೀವು ತೆಗಸಿದ್ರ ಆ ಕಡಿ ಹೊಲದವರದು ಹೋಗ್ತದ."

ಬದು ಕುಸಿದದ್ದು ಮಳೆಗೆ ಎಂದೇ ಗುರಣ್ಣ ತಿಳಿದಿದ್ದ. ಅವನಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

"ಹಂಗಾದ್ರ ಸ್ಲ್ಯಾಬು?"

"ಬ್ಯಾಡ ಅಂದೋರ್ ಯಾರು?" ಎಂದಳು ಶಿವಕಾಂತಾ. "ಆ ತಗಡಿನ ಕೆಳಗ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕಿ ನಾನೇ ಅಲ್ಲೇನು?"

"ತೊಗರಿ ಎಲಿ, ಕಸ ಸುಡಬ್ಯಾಡ್ರಿ, ಹೊಲದಾಗೇ ಕೊಳೀಲಿ," ಎಂದಳು ತಸ್ಲೀಮ. "ಬದು ಕಟ್ಟಿ ಗಿಡ ಹಚ್ರಿ. ಕೃಷಿ ಹೊಂಡಕ್ಕ ಅರ್ಜಿ ಹಾಕೂಣು, ಹೊಂಡದ ಮಗ್ಗಲಕ ಕಾಯಿಪಲ್ಯ ಬೆಳೀರಿ. ಬಂದ ಫಾಯದಾನ ಅಕ್ಕ ನಮ್ಮ ಸಂಘದಾಗ ಉಳಿತಾಯಕ್ಕ ಇಡ್ಲಿ. ಮೊದಲ ಅಡಗಿ ಮನಿಗೆ ಸ್ಲ್ಯಾಬು, ಆಮ್ಯಾಲ ಪಡಸಾಲಿಗೆ. ತಡಾ ಆಗ್ತದ ಖರೇ, ಆದ್ರ ಹೊಲ ಉಳೀತದ."

ತಡ ಎಂಬ ಮಾತು ಗುರಣ್ಣನಿಗೆ ಹಿಡಿಸಲಿಲ್ಲ. ಆಗ ಬದುವಿನ ಮೇಲೆ ಜಗದೇವಪ್ಪ ಬಂದು ನಿಂತ. ಊರಿನಲ್ಲಿ ಗುರಣ್ಣ ಕಣ್ಣು ಹಾಕಿದ್ದ ಸ್ಲ್ಯಾಬಿನ ಮನೆ ಇವನದೇ. ಮುದುಕನ ಕೈಯಲ್ಲಿ ಬಟ್ಟೆ ಮುಚ್ಚಿದ ಸಣ್ಣ ಬುಟ್ಟಿ ಇತ್ತು.

"ಬರ್ರಿ ಮಾವಾ, ಉಣ್ಣಾಕ ಕುಂಡ್ರಿ," ಎಂದ ಗುರಣ್ಣ.

"ಉಣ್ಣಾಕ ಬಂದಿಲ್ಲಪ್ಪಾ. ಮನ್ಯಾಕಿ ಚರಗಕ್ಕಂತ ಮಾಡಿ ಕೊಟ್ಟಾಳ. ನನ್ನ ಹೊಲದಾಗ ಬಿತ್ತಿದ್ದು ಏಳಲಿಲ್ಲ. ಕಲ್ಲಿನ ಮ್ಯಾಲ ಚೆಲ್ಲಲೇನು? ಸ್ಲ್ಯಾಬಿನ ಕೆಳಗ ಕುಂತು ಸಂತ್ಯಾಗ ಕೊಂಡ ಜೋಳ ತಿನ್ನಾಕತ್ತೇವಿ." ಮುದುಕ ಬುಟ್ಟಿಯ ಬಟ್ಟೆ ಸರಿಸಿದ. "ನಿನ್ನ ಪೈರಿನಾಗ ಒಂದು ತುತ್ತು ಚೆಲ್ಲಲೇನೋ, ಗುರಣ್ಣ?"

ಗುರಣ್ಣ ಎದ್ದು ಹೋಗಿ ಮುದುಕನ ಕೈ ಹಿಡಿದು ಬದು ಇಳಿಸಿಕೊಂಡ. ಇಬ್ಬರೂ ಜೋಳದ ಸಾಲಿನಲ್ಲಿ ನಡೆದು ಚರಗ ಚೆಲ್ಲಿದರು. ತಿರುಗಿ ಬಂದವನೇ ಗುರಣ್ಣ ಭಟ್ಟಿಯವರಿಗೆ ಫೋನು ಹಚ್ಚಿದ.

"ಮಣ್ಣು ಕೊಡಾಂಗಿಲ್ರಿ. ರೇಟ್ ಹೆಚ್ಚು ಮಾಡ್ತೀರಿ? ಮಾಡ್ರಿ. ಆದ್ರ ಅದನ್ನ ವರ್ಷಾ ವರ್ಷಾ ಕೊಡ್ರಿ, ನನ್ನ ಮಕ್ಕಳಿಗೂ ಕೊಡ್ರಿ. ನನ್ನ ಹೊಲ ಹಂಗೇ ಕೊಡ್ತದ."

ಆ ಕಡೆಯವರು ಫೋನಿಟ್ಟರು.

ಆಳಂದ, ಅಫಜಲಪುರ, ಜೇವರ್ಗಿಯ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹೊಲಕ್ಕೂ ಯಾರಾದರೂ ಮಣ್ಣು ಕೇಳಿಕೊಂಡು ಬಂದಾರು. ಕೈಗೆ ಬರುವ ರೊಕ್ಕದ ಜೊತೆಗೆ ಕೈಬಿಟ್ಟು ಹೋಗುವ ಬೆಳೆ, ಮೇವು, ನೀರನ್ನೂ ಲೆಕ್ಕ ಹಿಡಿಯಿರಿ. ಕೃಷಿ ಹೊಂಡ, ಬದು ನಿರ್ಮಾಣಕ್ಕೆ ಏನು ನೆರವಿದೆಯೆಂದು ರೈತ ಸಂಪರ್ಕ ಕೇಂದ್ರದಲ್ಲಿ, ಪಂಚಾಯಿತಿಯಲ್ಲಿ ವಿಚಾರಿಸಿರಿ. ಮನೆಯವರನ್ನು ಕೇಳಿರಿ, ಪಕ್ಕದ ಹೊಲದವರನ್ನೂ ಕೇಳಿರಿ. ಹೋದ ಮಣ್ಣನ್ನು ಯಾವ ಭಟ್ಟಿಯೂ ತಂದುಕೊಡುವುದಿಲ್ಲ.