ಫಕ್ಕೀರವ್ವನ ಮುಸುರಿ

ಗುಂಡಿಯ ಮುಚ್ಚಳ ಎತ್ತಿ ಇಣುಕಿದ ಹೆಲ್ತ್ ಇನ್ಸ್‌ಪೆಕ್ಟರ್ ಕಳಕೇಶ, "ಇದರಾಗ ಏನೂ ಇಲ್ಲಲ್ರಿ ಮೆಂಬರ್ರ" ಎಂದ.

ಏನೂ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಒಣಗಿದ ಚೆಂಡುಹೂವಿನ ಮಾಲೆ, ಒಂದೆರಡು ತೆಂಗಿನ ಕರಟ, ಯಾರೋ ತಪ್ಪಿ ಎಸೆದ ಹವಾಯಿ ಚಪ್ಪಲಿ ಇದ್ದವು. ಮುಂಡರಗಿ ಪುರಸಭೆಯ ಸದಸ್ಯೆ ಹಸೀನಾಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ತಾನೂ ಇಣುಕಿದಳು. ಸರ್ಕಾರದ ಅನುದಾನದಲ್ಲಿ ಕಟ್ಟಿಸಿದ ಗುಂಡಿ. ಸುತ್ತ ಹಸಿರು ಬಣ್ಣ, ಗೋಡೆಯ ಮೇಲೆ ನಗುವ ಗಿಡದ ಚಿತ್ರ. ಅವಳ ವಾರ್ಡಿನ ಮನೆಮನೆಯ ಹಸಿ ಕಸ ಇಲ್ಲಿಗೆ ಬಂದು ಗೊಬ್ಬರವಾಗಬೇಕಿತ್ತು. ಅದು ನಡೆಯುತ್ತಿದೆ ಎಂದು ತೋರಿಸಿದರೆ ಮಾತ್ರ ಎರಡನೇ ಕಂತು, ಆ ಕಂತು ಬಂದರೆ ಮಾತ್ರ ಅವಳ ಓಣಿಗೆ ಗಟಾರ. ಮಳೆ ಜೋರಾದರೆ ತಗ್ಗಿನ ಮನೆಗಳಿಗೆ ನೀರು ನುಗ್ಗುವ ಓಣಿ ಅದು. ಗಟಾರ ಮಾಡಿಸುತ್ತೇನೆಂದು ಹೇಳಿಯೇ ಅವಳು ಆರಿಸಿ ಬಂದಿದ್ದಳು.

"ಮುಂದಿನ ವಾರ ಗದಗಿನಿಂದ ಸಾಹೇಬ್ರು ನೋಡಾಕ ಬರ್ತಾರ. ಹಸಿ ಕಸ ಎಲ್ಲಿ ಹೋಗ್ತೈತ್ರಿ ಈ ಊರಾಗ?" ಎಂದ ಕಳಕೇಶ.

"ಗೊತ್ತಿಲ್ಲದವರಂಗ ಕೇಳ್ತೀರಲ್ರಿ. ಎಮ್ಮಿಗೆ ಹೋಗ್ತೈತಿ."

ಕಳಕೇಶನಿಗೆ ಗೊತ್ತಿತ್ತು. ಅವನ ಮನೆಯದೂ ಹೋಗುತ್ತಿದ್ದುದು ಯಾವುದೋ ಎಮ್ಮೆಗೇ. ಅನ್ನ ಬಸಿದ ಗಂಜಿ, ಕಾಯಿಪಲ್ಲೆಯ ಸಿಪ್ಪೆ, ಹಳಸಿದ ರೊಟ್ಟಿ, ಪಾತ್ರೆ ತೊಳೆದ ಮೊದಲ ನೀರು, ಇಷ್ಟೂ ಸೇರಿದರೆ ಮುಸುರಿ. ಹಸೀನಾಬಿಯ ಓಣಿಯಲ್ಲಿ ಅದನ್ನು ಚೆಲ್ಲಿದವರಿಲ್ಲ. ಬೆಳಗಾದರೆ ಫಕ್ಕೀರವ್ವ ಬಕೆಟ್ ಹಿಡಿದು ಬಂದು ಮನೆಮನೆಯ ಡಬ್ಬಿ ಬಳಿದುಕೊಂಡು ಹೋಗುತ್ತಿದ್ದಳು. ಕಸ ಬೇರ್ಪಡಿಸುವುದನ್ನು ಸರ್ಕಾರ ಕಲಿಸುವ ಮೊದಲೇ ಹಸೀನಾಬಿಯ ಅತ್ತೆ ಎಲುಬಿಗೆ ಬೇರೆ ಡಬ್ಬಿ ಇಟ್ಟಿದ್ದಳು, ಫಕ್ಕೀರವ್ವನ ಎಮ್ಮೆಗೆ ಹೋಗುವುದು ಮೈಲಿಗೆಯಾಗಬಾರದೆಂದು. ಯೋಜನೆ ಬರೆದ ಪುಣ್ಯಾತ್ಮರು ಎಮ್ಮೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಸಗಣಿ ತುಂಬಿದ್ರ ಆಗೂದಿಲ್ಲೇನ್ರಿ?"

"ಇಲ್ರಿ. ಮನಿ ಹಸಿ ಕಸಾನ ಆಗಬೇಕಂತ ಆದೇಶದಾಗ ಐತಿ."

ಸಂಜೆ ಹಸೀನಾಬಿ ಫಕ್ಕೀರವ್ವನ ಮನೆಗೆ ಹೋದಳು. ಓಣಿಯ ತೀರಾ ತಗ್ಗಿನಲ್ಲಿದ್ದ ಮನೆ. ಗಂಡ ತೀರಿಕೊಂಡ ಮೇಲೆ ಫಕ್ಕೀರವ್ವನ ಹೊಟ್ಟೆ ನಡೆಯುತ್ತಿದ್ದುದು ಒಂದೇ ಎಮ್ಮೆಯ ಹಾಲಿನಿಂದ. ಎಮ್ಮೆ ಈಚೆಗಷ್ಟೇ ಈದಿತ್ತು. ಅವಳು ಕರುವಿನ ಮೈ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಸಾಹೇಬ್ರು ಬಂದು ಹೋಗೂ ತನಕ ಅಷ್ಟ, ಅಕ್ಕಾ. ಆಮ್ಯಾಲೆ ನಿನ್ನ ಮುಸುರಿ ನಿನಗ."

"ಗಟಾರ ಖರೇನ ಆಗ್ತೈತೇನು?"

"ಆಗ್ತೈತಿ."

"ಹ್ವಾದ ಮಳಿಗಾಲದಾಗ ಮೊಣಕಾಲಮಟ ನೀರಾಗ ನಿಂತು ಹಾಲು ಹಿಂಡೀನಿ. ಆತು, ಒಯ್ಯಿರಿ. ಆದ್ರ ಈದ ಎಮ್ಮಿ ಇದು, ಭಾಳ ದಿನ ತಡಿಯೂದಿಲ್ಲ."

ಮರುದಿನದಿಂದ ಓಣಿಯ ಮುಸುರಿಯೆಲ್ಲ ಪುರಸಭೆಯ ಕಸದ ಗಾಡಿ ಹತ್ತಿತು. ಗುಂಡಿ ತುಂಬಿ, ಕಳಕೇಶನ ಮುಖ ಅರಳಿತು. ಇತ್ತ ಬರೀ ಜೋಳದ ಒಣ ಕಣಿಕೆ ಮೆಲ್ಲುತ್ತಿದ್ದ ಎಮ್ಮೆಯ ಹಾಲು ಕಡಿಮೆಯಾಗತೊಡಗಿತು. ಫಕ್ಕೀರವ್ವ ಕರುವಿಗೆ ಮೊದಲು ಬಿಟ್ಟು, ಉಳಿದದ್ದನ್ನು ಚಹದಂಗಡಿಗೆ ಹಾಕಿ, ತಾನು ಕರಿ ಚಹಾ ಕುಡಿದಳು. ಯಾರ ಮುಂದೆಯೂ ಹೇಳಲಿಲ್ಲ. ಹಸೀನಾಬಿಗೆ ಚಹದಂಗಡಿಯವನಿಂದ ಗೊತ್ತಾಯಿತು.

ಗದಗಿನಿಂದ ಬಂದ ಸಾಹೇಬರು ಒಳ್ಳೆಯ ಮನುಷ್ಯ. ಮೂಗು ಮುಚ್ಚಿಕೊಳ್ಳಲಿಲ್ಲ, ಕೋಲಿನಿಂದ ಗುಂಡಿ ಕೆದರಿ ನೋಡಿದರು, ಓಣಿಯಲ್ಲಿ ಓಡಾಡಿ ಗಟಾರ ಎಲ್ಲಿ ಬರಬೇಕೆಂದು ಕೇಳಿದರು.

"ಭಾಳ ಚಲೋ ಆಗೇದ್ರಿ. ಇನ್ನ ದಿನಾ ಹಿಂಗೇ ನಡೀಬೇಕು. ದಿನದ ಕಸ ತೂಕ ಹಾಕಿ ಲೆಕ್ಕ ಕಳಸ್ರಿ, ಮಳಿಗಾಲದೊಳಗ ಎರಡನೇ ಕಂತು ಬರ್ತದ."

ದಿನಾ ಎಂದಾಗ ಹಸೀನಾಬಿ ತಲೆಯಾಡಿಸಿಬಿಟ್ಟಳು. ಎಮ್ಮೆಯ ಮಾತು ಎತ್ತದಿದ್ದುದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಫಕ್ಕೀರವ್ವ ಬಕೆಟ್ ಹಿಡಿದು ಬಂದಳು. ಕೇಳಿದ ಮನೆಯವರೆಲ್ಲ ಮೆಂಬರ ಮನೆಯ ಕಡೆ ಕೈ ತೋರಿಸಿದರು. ಕಸದ ಗಾಡಿ ಹಾಡು ಹಾಕಿಕೊಂಡು ಓಣಿಯ ಬಾಯಲ್ಲಿ ನಿಂತಿತ್ತು. ಹೆಂಗಸರು ಡಬ್ಬಿ ಹಿಡಿದು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಏನಾಗುತ್ತದೋ ನೋಡುತ್ತಿದ್ದರು.

"ಸಾಹೇಬ್ರು ಹ್ವಾದ್ರಲ್ಲ?" ಎಂದಳು ಫಕ್ಕೀರವ್ವ, ಹಸೀನಾಬಿಯ ಕಟ್ಟೆಯ ಮುಂದೆ ಬಂದು.

"ಹ್ವಾದ್ರು. ಆದ್ರ ಇನ್ನ ದಿನಾ ಬೇಕಂತ, ಅಕ್ಕಾ. ಇಲ್ಲಾಂದ್ರ ಗಟಾರ ಇಲ್ಲ."

ಫಕ್ಕೀರವ್ವ ಬಕೆಟ್ಟನ್ನು ಕಟ್ಟೆಯ ಮೇಲಿಟ್ಟಳು. "ಹಂಗಾದ್ರ ಎಮ್ಮಿ ಮಾರ್ತೀನಿ ಬಿಡು. ನಾಕ ಮಂದಿಗೆ ಚಲೋ ಆಗ್ತೈತಿ" ಎಂದಳು.

ಜಗಳವಾಡಿದ್ದರೆ ಹಸೀನಾಬಿ ಗಟ್ಟಿಯಾಗಿ ನಿಲ್ಲುತ್ತಿದ್ದಳೋ ಏನೋ. ಫಕ್ಕೀರವ್ವ ಖಾಲಿ ಬಕೆಟ್ ಎತ್ತಿಕೊಂಡು ತಿರುಗಿದ್ದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಡಬ್ಬಿ ತಂದು, ನಾಲ್ಕು ಹೆಜ್ಜೆ ಓಡಿ, ಆ ಬಕೆಟ್ಟಿಗೇ ಸುರಿದಳು. ಎದುರುಮನೆಯ ಸುಮಿತ್ರವ್ವ ಗಾಡಿಯ ಕಡೆ ಒಮ್ಮೆ ನೋಡಿ, ಇಳಿದು ಬಂದು ತನ್ನದನ್ನೂ ಸುರಿದಳು. ಗಾಡಿ ಅರ್ಧ ಖಾಲಿಯೇ ಹೋಯಿತು.

ತೂಕ ಇಳಿಯಿತು, ಕಂತು ಬರಲಿಲ್ಲ. ಕಳಕೇಶ ಬಂದು ಅಂಗಳದಲ್ಲೇ ನಿಂತು ಸುದ್ದಿ ಹೇಳಿ ಹೋದ. ತಗ್ಗಿನ ಮನೆಯವರು ಹಸೀನಾಬಿಯನ್ನು ಎದುರಿಗೇ ಬೈದರು. ಚಹದಂಗಡಿಯಲ್ಲಿ ಅವಳಿಗೆ ಎಮ್ಮಿ ಮೆಂಬರ್ ಎಂದು ಹೆಸರು ಬಿತ್ತು. ಮುಂದಿನ ಸಲ ಎಮ್ಮೆಯನ್ನೇ ನಿಲ್ಲಿಸೋಣ ಎಂದು ಯಾರೋ ನಕ್ಕರಂತೆ. ಬೈಗುಳವನ್ನು ಅವಳು ಅಲ್ಲಗಳೆಯಲಿಲ್ಲ. ಬೈದವರಲ್ಲಿ ಸುಳ್ಳು ಹೇಳಿದವರು ಯಾರೂ ಇರಲಿಲ್ಲ.

ದೊಡ್ಡ ಮಳೆ ಒಂದು ಸಂಜೆ ಹಿಡಿಯಿತು. ಹಸೀನಾಬಿಯ ಮನೆ ಓಣಿಯ ಎತ್ತರದಲ್ಲಿತ್ತು. ಅವಳು ಬಾಗಿಲಲ್ಲಿ ನಿಂತು ಕೆಳಗೆ ಹರಿಯುವ ಕೆಂಪು ನೀರನ್ನು ನೋಡಿದಳು. ಆಮೇಲೆ ಒಳಗೆ ಬಂದು, ಮೆಂಬರನ್ನು ಕಾಣಲು ಬರುವವರಿಗೆಂದು ಪಡಸಾಲೆಯಲ್ಲಿ ಹಾಕಿದ್ದ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸತೊಡಗಿದಳು.

"ಏನ್ ಮಾಡಾಕ ಹತ್ತೀದಿ?" ಎಂದ ಗಂಡ ಮರ್ದಾನಸಾಬ.

"ಇವನ್ನ ಒಳಗ ಇಡ್ರಿ ಮೊದಲ."

ಫಕ್ಕೀರವ್ವ ಕರುವನ್ನು ಎದೆಗವಚಿಕೊಂಡು ನೀರು ತುಳಿಯುತ್ತ ಮೇಲೆ ಬರುತ್ತಿದ್ದಳು. ಹಿಂದೆ ಎಮ್ಮೆ. ಹಸೀನಾಬಿ ಇಳಿದು ಹೋಗಿ ಕರುವನ್ನು ಇಸಿದುಕೊಂಡಳು. ಎಮ್ಮೆ ಮೆಟ್ಟಿಲನ್ನು ಮೂಸಿ ನೋಡಿ, ಕರುವಿನ ಹಿಂದೆ ಒಂದೊಂದೇ ಕಾಲಿಟ್ಟು ಹತ್ತಿತು. ಫಕ್ಕೀರವ್ವ ಕೆಸರುಗಾಲಲ್ಲಿ ಕಟ್ಟೆಯ ಕೆಳಗೇ ನಿಂತಳು.

"ಒಳಗ ಬಾ ಅಕ್ಕಾ" ಎಂದು ಹಸೀನಾಬಿ ಹಗ್ಗವನ್ನು ಕಿಟಕಿಯ ಸರಳಿಗೆ ಬಿಗಿದಳು.